ಡಿಸ್ಕ್ರೀಟ್ ಮ್ಯಾಥ್ಸ್ ತಲೆಗೆ ಹತ್ತುತ್ತಿಲ್ಲ, ಕೋಡ್ ಮಾತ್ರ ಬರುತ್ತದೆ. ನಾನೊಬ್ಬನೇನಾ ಹೀಗೆ?

ಅರೆಬೆಂದ_ಕೋಡರ್
ಕಂಪ್ಯೂಟರ್ ಓದುತ್ತಿದ್ದೇನೆ, ಮೂರನೇ ಸೆಮಿಸ್ಟರ್. ಕೋಡ್ ಬರೆಯುವುದು ಇಷ್ಟ, ತಕ್ಕಮಟ್ಟಿಗೆ ಬರುತ್ತದೆ ಕೂಡ. ಕ್ಯಾಲ್ಕುಲಸ್ಸೂ ಹೇಗೋ ದಾಟಿತು. ಸೂತ್ರ ಬಾಯಿಪಾಠ ಮಾಡಿ ಅಂಕಿ ಹಾಕಿದರೆ ಉತ್ತರ ಬರುತ್ತಿತ್ತು. ಈ ಡಿಸ್ಕ್ರೀಟ್ ಮ್ಯಾಥ್ಸ್ (ತರ್ಕ, ಸಾಧನೆ, ಎಣಿಕೆ, ಗ್ರಾಫ್ ಥರದ ಗಣಿತ) ಮಾತ್ರ ಕೈಗೇ ಸಿಗುತ್ತಿಲ್ಲ.

'ಸಾಧಿಸಿ' ಅಂತ ಪ್ರಶ್ನೆ ಬಂದರೆ ಪೆನ್ನು ಅಲ್ಲೇ ನಿಂತುಬಿಡುತ್ತದೆ. ಉತ್ತರ ಪಕ್ಕದಲ್ಲಿಟ್ಟುಕೊಂಡು ಓದಿದರೆ ಪ್ರತಿ ಸಾಲೂ ಅರ್ಥವಾಗುತ್ತದೆ. ಪುಸ್ತಕ ಮುಚ್ಚಿದರೆ ಮೊದಲ ಸಾಲೇ ಹೊಳೆಯುವುದಿಲ್ಲ. ಇನ್ನೊಂದು, 'ಪಿ ಆದರೆ ಕ್ಯೂ'. ಪಿ ಸುಳ್ಳಾದರೆ ಇಡೀ ವಾಕ್ಯ ನಿಜವಂತೆ. ಇದೆಂಥ ನ್ಯಾಯ?

ಪರೀಕ್ಷೆಗೆ ಆರು ವಾರ ಇದೆ. ದಾಟಿದವರು ಹೇಗೆ ದಾಟಿದಿರಿ ಹೇಳಿ. 'ಚೆನ್ನಾಗಿ ಓದು' ಅನ್ನಬೇಡಿ, ದಯವಿಟ್ಟು.

ರಾತ್ರಿಪಾಳಿ
ನೀನೊಬ್ಬನೇ ಅಲ್ಲ. ನನ್ನದೂ ಹಾಜರಿ ಹಾಕಿಕೊಳ್ಳಿ.

ನೇರಮಾತು
ಒಂಬತ್ತು ವರ್ಷದಿಂದ ಕೋಡ್ ಬರೆದು ಸಂಬಳ ತಗೊಳ್ತಿದ್ದೇನೆ. ಇಲ್ಲಿಯವರೆಗೆ ಯಾರೂ ನನ್ನ ಹತ್ತಿರ ಇಂಡಕ್ಷನ್ ಅನ್ನೋ ಸಾಧನೆಯ ವಿಧಾನ ಕೇಳಿಲ್ಲ. ಹಳೇ ಪ್ರಶ್ನೆಪತ್ರಿಕೆ ಐದು ತಿರುವಿಹಾಕು, ಪಾಸಾಗು, ಮರೆತುಬಿಡು.

ಬಗ್_ಬೇಟೆ
@ನೇರಮಾತು ಕೇಳುವುದಿಲ್ಲ, ನಿಜ. ಆದರೆ ಗೊತ್ತಿಲ್ಲದಿದ್ದರೆ ಒಂದು ದಿನ ಬಡ್ಡಿ ಸಮೇತ ವಸೂಲಿ ಆಗುತ್ತದೆ.

ಒಂದು ಹಳೇ ಕಥೆ. ನಿಯಮ ಹೀಗಿತ್ತು: 'ಬಳಕೆದಾರ ಲಾಗಿನ್ ಆಗಿರಬೇಕು, ಅನುಮತಿಯೂ ಇರಬೇಕು. ಎರಡೂ ಇಲ್ಲದಿದ್ದರೆ ತಡೆಯಿರಿ.' ಆ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿ. 'ಎರಡೂ ಇಲ್ಲದಿದ್ದರೆ' ಅಂದರೆ ಒಂದೂ ಇಲ್ಲ ಅಂತಲಾ? ಅಥವಾ ಎರಡರಲ್ಲಿ ಒಂದು ತಪ್ಪಿದರೂ ಸಾಕು ಅಂತಲಾ? ಬರೆದವರ ಮನಸ್ಸಿನಲ್ಲಿ ಎರಡನೆಯದಿತ್ತು. ಕೋಡ್ ಬರೆದವನು ಮೊದಲನೆಯದು ಅಂದುಕೊಂಡು `!ಲಾಗಿನ್ && !ಅನುಮತಿ` ಅಂತ ಹಾಕಿದ (`!` ಅಂದರೆ ಇಲ್ಲ, `&&` ಅಂದರೆ ಮತ್ತು, `||` ಅಂದರೆ ಅಥವಾ). ಬೇಕಾಗಿದ್ದದ್ದು `!ಲಾಗಿನ್ || !ಅನುಮತಿ`. ಲಾಗಿನ್ ಆಗಿದ್ದು ಅನುಮತಿ ಇಲ್ಲದವರೆಲ್ಲ ಆರಾಮಾಗಿ ಒಳಗೆ ಬಂದರು. ಡಿ ಮಾರ್ಗನ್ ನಿಯಮ ಅಂತ ಎರಡನೇ ವಾರದಲ್ಲೇ ಹೇಳಿಕೊಡುತ್ತಾರಲ್ಲ, ಅಷ್ಟೇ ವಿಷಯ.

ನೇರಮಾತು
ಅದಕ್ಕೆ ಗಣಿತ ಬೇಡ, ಸಾಮಾನ್ಯ ಜ್ಞಾನ ಸಾಕು.

ಬಗ್_ಬೇಟೆ
ಆ ಸಾಮಾನ್ಯ ಜ್ಞಾನ ರಿವ್ಯೂ ಮಾಡಿದ ಮೂವರಿಗೂ ಆವತ್ತು ಇರಲಿಲ್ಲ. ಮೂವರಲ್ಲಿ ಒಬ್ಬ ನಾನು.

ಪಾಠದ_ಮೇಡಂ
@ಅರೆಬೆಂದ_ಕೋಡರ್ ಈ ವಿಷಯ ಹನ್ನೆರಡು ವರ್ಷದಿಂದ ಕಲಿಸುತ್ತಿದ್ದೇನೆ. ನೀವು ಹೇಳಿದ 'ಮೊದಲ ಸಾಲೇ ಹೊಳೆಯುವುದಿಲ್ಲ' ಅನ್ನೋದು ಪ್ರತಿ ತರಗತಿಯಲ್ಲೂ ಕೇಳುವ ಮಾತು. ಹೆಚ್ಚಿನ ಸಲ ಬುದ್ಧಿ ಸಾಲದೆ ಹಾಗಾಗುವುದಿಲ್ಲ. ವ್ಯಾಖ್ಯೆ ಗೊತ್ತಿರುವುದಿಲ್ಲ, ಅಷ್ಟೇ. 'ಬೆಸಸಂಖ್ಯೆ ಅಂದರೆ ಏನು?' ಅಂತ ಕೇಳಿ ನೋಡಿ. '1, 3, 5, 7 ಥರದ್ದು' ಅನ್ನುತ್ತಾರೆ. ಉದಾಹರಣೆ ಕೊಟ್ಟರೇ ಹೊರತು ವ್ಯಾಖ್ಯೆ ಹೇಳಲಿಲ್ಲ. ಯಾವುದೋ ಒಂದು ಪೂರ್ಣಾಂಕ ಕ ಇದ್ದು, ಆ ಸಂಖ್ಯೆಯನ್ನು 2ಕ + 1 ಅಂತ ಬರೆಯಲು ಬಂದರೆ ಅದು ಬೆಸ. ಇದು ವ್ಯಾಖ್ಯೆ.

ಈಗ 'ಬೆಸಸಂಖ್ಯೆಯ ವರ್ಗ ಬೆಸ ಎಂದು ಸಾಧಿಸಿ' ಅಂದರೆ ಹೊಳೆಯಬೇಕಾದ್ದು ಏನೂ ಇಲ್ಲ. ಮೊದಲ ಸಾಲು ವ್ಯಾಖ್ಯೆಯೇ ಬರೆದುಕೊಡುತ್ತದೆ: ಸಂಖ್ಯೆ 2ಕ + 1 ಆಗಿರಲಿ. ಕೊನೆಯ ಸಾಲೂ ಗೊತ್ತು: ಉತ್ತರ '2 × ಏನೋ ಒಂದು + 1' ಅಂತ ಬರಬೇಕು. ಮಧ್ಯದ್ದು ಶಾಲೆಯ ಬೀಜಗಣಿತ. ವರ್ಗ ಮಾಡಿದರೆ 4ಕ² + 4ಕ + 1, ಅಂದರೆ 2(2ಕ² + 2ಕ) + 1. ಮುಗಿಯಿತು.

ಹಾಳೆಯ ಮೇಲೆ ಮೊದಲ ಸಾಲು ಬರೆಯಿರಿ, ಜಾಗ ಬಿಟ್ಟು ಕೊನೆಯ ಸಾಲು ಬರೆಯಿರಿ, ಆಮೇಲೆ ಎರಡೂ ಕಡೆಯಿಂದ ನಡುವೆ ಬನ್ನಿ. ಮನೆಕೆಲಸ ಕೊಡುತ್ತೇನೆ: ಎರಡು ಬೆಸಸಂಖ್ಯೆ ಕೂಡಿದರೆ ಸಮಸಂಖ್ಯೆ ಅಂತ ಸಾಧಿಸಿ, ಇಲ್ಲೇ ಹಾಕಿ. ಉತ್ತರ ಹುಡುಕಿ ನೋಡಬಾರದು.

ರಾತ್ರಿಪಾಳಿ
ಇಲ್ಲಿಯೂ ಮನೆಕೆಲಸವಾ ಮೇಡಂ 😭

ಶೂನ್ಯದಿಂದ_ಎಣಿಸು
'ಪಿ ಆದರೆ ಕ್ಯೂ' ಬಗ್ಗೆ ಸುಮ್ನೆ ಭಾಷಣ ಮಾಡುವುದಿಲ್ಲ. ಒಂದು ಆಟ ಆಡೋಣ.

ಮೇಜಿನ ಮೇಲೆ ನಾಲ್ಕು ಕಾರ್ಡು. ಪ್ರತಿ ಕಾರ್ಡಿಗೂ ಒಂದು ಬದಿಯಲ್ಲಿ ಅಕ್ಷರ, ಇನ್ನೊಂದು ಬದಿಯಲ್ಲಿ ಅಂಕಿ. ಈಗ ಮೇಲೆ ಕಾಣುತ್ತಿರುವುದು: ಅ, ಕ, 4, 7. ನಿಯಮ: 'ಒಂದು ಬದಿಯಲ್ಲಿ ಸ್ವರ ಇದ್ದರೆ ಇನ್ನೊಂದು ಬದಿಯಲ್ಲಿ ಸಮಸಂಖ್ಯೆ ಇರಬೇಕು.' ನಿಯಮ ಮುರಿದಿದೆಯಾ ಅಂತ ನೋಡಲು ಯಾವ ಯಾವ ಕಾರ್ಡು ತಿರುಗಿಸಲೇಬೇಕು?

ರಾತ್ರಿಪಾಳಿ
ಅ ಮತ್ತು 4. ಸುಲಭ.

ಅರೆಬೆಂದ_ಕೋಡರ್
ನಾನೂ ಅ ಮತ್ತು 4 ಅಂತಲೇ ಅಂದುಕೊಂಡೆ.

ಲಘುಗುರು
'ಕ' ಒಳಗೂ 'ಅ' ಇದೆಯಲ್ವಾ ಸ್ವಾಮೀ. ಕ್ + ಅ. ಅದನ್ನೂ ತಿರುಗಿಸಬೇಕು 😄

ಶೂನ್ಯದಿಂದ_ಎಣಿಸು
@ಲಘುಗುರು ತಪ್ಪಾಯ್ತು, ಅದು 'ಕ್' ಅಂತ ಓದಿಕೊಳ್ಳಿ. ವ್ಯಾಕರಣದವರು ಇರುವ ಕಡೆ ಕಾರ್ಡಾಟ ಆಡಬಾರದು.

ಉತ್ತರ: ಅ ಮತ್ತು 7. ಹೆಚ್ಚಿನವರು 4ಕ್ಕೆ ಕೈ ಹಾಕುತ್ತಾರೆ, ಬೇಸರ ಬೇಡ. ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1966ರಲ್ಲಿ ಈ ಥರದ ಒಗಟನ್ನು ಮುಂದಿಟ್ಟಾಗಿನಿಂದ ಜನ ಹೀಗೇ ಎಡವುತ್ತಿದ್ದಾರೆ. 4ರ ಹಿಂದೆ ಸ್ವರ ಇದ್ದರೂ ಸರಿ, ವ್ಯಂಜನ ಇದ್ದರೂ ಸರಿ. 'ಸಮಸಂಖ್ಯೆ ಇದ್ದರೆ ಸ್ವರ ಇರಬೇಕು' ಅಂತ ನಿಯಮ ಹೇಳಿಲ್ಲ. 7ರ ಹಿಂದೆ ಸ್ವರ ಇದ್ದರೆ ಮಾತ್ರ ನಿಯಮ ಮುರಿಯಿತು.

ಈಗ ಕ್ ಕಾರ್ಡು ನೋಡಿ. ಅದರ ಹಿಂದೆ ಏನೇ ಇರಲಿ, ನಿಯಮ ಮುರಿಯಲು ಅದರ ಕೈಲಿ ಆಗುವುದಿಲ್ಲ. ಪಿ ಸುಳ್ಳಾದರೆ ವಾಕ್ಯ 'ನಿಜ' ಅನ್ನುವುದರ ಅರ್ಥ ಇಷ್ಟೇ: ಆ ಸಂದರ್ಭ ನಿಯಮಕ್ಕೆ ತಗಲುವುದೇ ಇಲ್ಲ, ಮುರಿದ ಆರೋಪ ಹೊರಿಸಲು ಬರುವುದಿಲ್ಲ.

ಅರೆಬೆಂದ_ಕೋಡರ್
ಓ! 'ನಿಜ' ಅನ್ನುವ ಬದಲು 'ಮುರಿದಿಲ್ಲ' ಅಂತ ಓದಿಕೊಂಡರೆ ಸರಿಹೋಗುತ್ತದೆ. ಮೊದಲೇ ಯಾಕೆ ಯಾರೂ ಹೀಗೆ ಹೇಳಲಿಲ್ಲ?

ಬಗ್_ಬೇಟೆ
ಕೋಡಲ್ಲೂ ಇದೇ ಇದೆ. ಪೈಥಾನ್‌ನಲ್ಲಿ ಖಾಲಿ ಪಟ್ಟಿಗೆ ಆಲ್ ಫಂಕ್ಷನ್ ('ಎಲ್ಲವೂ ನಿಜವಾ' ಅಂತ ನೋಡುವುದು) ಹಾಕಿದರೆ ಟ್ರೂ ಬರುತ್ತದೆ. 'ಎಲ್ಲ ಟೆಸ್ಟೂ ಪಾಸ್' ಅಂತ ಹಸಿರು ದೀಪ ಕಂಡು ಖುಷಿಪಟ್ಟಿದ್ದೆ. ಆಮೇಲೆ ನೋಡಿದರೆ ಒಂದು ಟೆಸ್ಟೂ ಓಡಿರಲಿಲ್ಲ.

ಹೊಸಬಿ
ನಾನು ಐಟಿ ಓದುತ್ತಿದ್ದೇನೆ, ಇಲ್ಲೇ ಒಂದು ಪ್ರಶ್ನೆ ಸೇರಿಸಬಹುದಾ? ಇಂಡಕ್ಷನ್ ಮೋಸ ಅನ್ನಿಸುತ್ತದೆ. ಸಾಧಿಸಬೇಕಾದ್ದನ್ನೇ 'ನಿಜ ಅಂತ ಇಟ್ಟುಕೊಳ್ಳಿ' ಅಂತಾರೆ. ಮತ್ತೆ ಸಾಧಿಸುವುದು ಏನನ್ನು?

ಹಳೇ_ಕೀಬೋರ್ಡ್
ರಿಕರ್ಷನ್ ಬರೆದಿದ್ದೀಯಲ್ಲಮ್ಮಾ? ಫ್ಯಾಕ್ಟೋರಿಯಲ್ ಫಂಕ್ಷನ್ ಒಳಗೆ ಅದೇ ಫಂಕ್ಷನ್ನನ್ನು ಒಂದು ಕಡಿಮೆ ಸಂಖ್ಯೆಗೆ ಕರೆಯುತ್ತೀಯ. ಆಗ 'ಚಿಕ್ಕದಕ್ಕೆ ಇದು ಸರಿಯಾದ ಉತ್ತರ ಕೊಡುತ್ತದೆ' ಅಂತ ನಂಬಿಯೇ ಮುಂದಿನ ಸಾಲು ಬರೆಯುವುದು. ಆ ನಂಬಿಕೆಯೇ ಇಂಡಕ್ಷನ್ನಿನ 'ಇಟ್ಟುಕೊಳ್ಳಿ'. ನೀನು ಸಾಧಿಸುವುದು ಕೊಂಡಿಯನ್ನು: ಒಂದು ಮೆಟ್ಟಿಲು ಸರಿ ಇದ್ದರೆ ಅದರ ಮುಂದಿನದೂ ಸರಿ ಅಂತ. ನೆಲದ ಮೆಟ್ಟಿಲು ಬೇರೆಯಾಗಿ ತೋರಿಸಬೇಕು. ಅದನ್ನು ಮರೆತರೆ ಕೋಡಲ್ಲಿ ಕರೆಗಳು ಮುಗಿಯದೆ ಸ್ಟ್ಯಾಕ್ ತುಂಬಿ ಬೀಳುತ್ತದೆ, ಪರೀಕ್ಷೆಯಲ್ಲಿ ಅಂಕ ಬೀಳುತ್ತದೆ.

ರಾತ್ರಿಪಾಳಿ
ನಾಲ್ಕೈದು ಬೆಲೆ ಹಾಕಿ ನೋಡಿದರೆ ಗೊತ್ತಾಗುತ್ತದಲ್ಲ? ಅದಕ್ಕೆ ಇಷ್ಟೆಲ್ಲ ಯಾಕೆ?

ಪಾಠದ_ಮೇಡಂ
@ರಾತ್ರಿಪಾಳಿ ಹಾಗಾದರೆ ಇದನ್ನು ಮಾಡಿ. ವೃತ್ತದ ಅಂಚಿನ ಮೇಲೆ ಬಿಂದುಗಳನ್ನಿಟ್ಟು ಪ್ರತಿ ಎರಡನ್ನೂ ಗೆರೆಯಿಂದ ಸೇರಿಸಿ. ಒಳಗೆ ಮೂರು ಗೆರೆ ಒಂದೇ ಕಡೆ ಕೂಡದಂತೆ ನೋಡಿಕೊಳ್ಳಿ. ವೃತ್ತ ಎಷ್ಟು ತುಂಡಾಯಿತು ಎಣಿಸಿ. 1 ಬಿಂದುವಿಗೆ 1. 2ಕ್ಕೆ 2. 3ಕ್ಕೆ 4. 4ಕ್ಕೆ 8. 5ಕ್ಕೆ 16. ಆರಕ್ಕೆ?

ರಾತ್ರಿಪಾಳಿ
32. ಇದೇನು ಪ್ರಶ್ನೆ.

ಹೊಸಬಿ
ನಾನು ಬಿಡಿಸಿ ಎಣಿಸಿದೆ. 31 ಬರುತ್ತಿದೆ. ಎರಡು ಸಲ ಎಣಿಸಿದೆ.

ಪಾಠದ_ಮೇಡಂ
31 ಸರಿ. ಐದು ಬೆಲೆ ಹಾಕಿ ನೋಡಿದ್ದಾಯಿತು, ಆರನೆಯದು ಕೈಕೊಟ್ಟಿತು. ಯಾವಾಗಲೂ ಇಷ್ಟು ಬೇಗ ಕೆಡುತ್ತದೆ ಅಂತಲೂ ಇಲ್ಲ. ಗಣಿತಜ್ಞ ಆಯ್ಲರ್ ಹೆಸರಿನ 'ಸಂಖ್ಯೆಯ ವರ್ಗ + ಸಂಖ್ಯೆ + 41' ಸೂತ್ರಕ್ಕೆ 0ಯಿಂದ 39ರವರೆಗೆ ಯಾವುದನ್ನು ಹಾಕಿದರೂ ಅವಿಭಾಜ್ಯ ಸಂಖ್ಯೆಯೇ ಬರುತ್ತದೆ. ನಲವತ್ತು ಸಲ! 40 ಹಾಕಿದರೆ 1681, ಅಂದರೆ 41 × 41.

ರಾತ್ರಿಪಾಳಿ
ಸೋತೆ.

ನೇರಮಾತು
ಚೆನ್ನಾಗಿದೆ, ಒಗಟು ಅಂತ ಒಪ್ಪುತ್ತೇನೆ. ಆದರೆ ಇದನ್ನೆಲ್ಲ ಕಡ್ಡಾಯ ಮಾಡಿ ಮಕ್ಕಳನ್ನು ಫೇಲ್ ಮಾಡುವುದು ಯಾಕೆ ಅಂತ ನನ್ನ ಪ್ರಶ್ನೆ. ಒಗಟು ಬಿಡಿಸುವವರು ಬಿಡಿಸಿಕೊಳ್ಳಲಿ.

ಹಳೇ_ಕೀಬೋರ್ಡ್
@ನೇರಮಾತು ಕಡ್ಡಾಯ ಮಾಡಿದ್ದು ಸರಿಯೋ ತಪ್ಪೋ ಬಿಡಿ. ಕೆಲಸಕ್ಕೆ ಬರುವುದಿಲ್ಲ ಅನ್ನುವುದಕ್ಕೆ ಮಾತ್ರ ನನ್ನ ತಕರಾರು.

ಹಿಂದೆ ಒಂದು ಕಡೆ ಕಡತಗಳಿಗೆ ಗುರುತಿನ ಸಂಖ್ಯೆ ಕೊಡಲು 32 ಬಿಟ್ ಹ್ಯಾಶ್ (ಕಡತದಿಂದ ಲೆಕ್ಕ ಹಾಕಿ ತೆಗೆದ ಸಂಖ್ಯೆ) ಬಳಸಿದ್ದೆವು. 32 ಬಿಟ್ ಅಂದರೆ ಸುಮಾರು 429 ಕೋಟಿ ಬೇರೆ ಬೇರೆ ಬೆಲೆ. 'ನಮ್ಮ ಹತ್ತಿರ ಲಕ್ಷ ಕಡತ ಇದ್ದರೆ ಹೆಚ್ಚು. ಎರಡಕ್ಕೆ ಒಂದೇ ಸಂಖ್ಯೆ ಬಂದು ಡಿಕ್ಕಿ ಎಲ್ಲಿಂದ ಹೊಡೆಯುತ್ತೆ?' ಅಂತ ನಾನೇ ಜೋರು ಮಾಡಿದ್ದೆ. ಹೊಡೆಯಿತು. ಒಂದು ಕಡತ ತೆರೆದರೆ ಇನ್ನೊಂದು ಬರತೊಡಗಿತು.

ಹುಟ್ಟುಹಬ್ಬದ ಲೆಕ್ಕ ಕೇಳಿರುತ್ತೀರಿ. ಕೋಣೆಯಲ್ಲಿ ಬರೀ 23 ಜನ ಇದ್ದರೆ ಇಬ್ಬರ ಹುಟ್ಟಿದ ದಿನ ಒಂದೇ ಆಗುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಯಾಕಂದರೆ ಎಣಿಸಬೇಕಾದ್ದು ಜೋಡಿಗಳನ್ನು, ಜನರನ್ನಲ್ಲ. 23 ಜನಕ್ಕೆ 253 ಜೋಡಿ. ಅದೇ ಲೆಕ್ಕ 32 ಬಿಟ್‌ಗೆ ಹಾಕಿದರೆ, ಸುಮಾರು 77,000 ಕಡತಕ್ಕೇ ಡಿಕ್ಕಿಯ ಸಾಧ್ಯತೆ ಅರ್ಧಕ್ಕೆ ಬರುತ್ತದೆ. ಈ ಪಾಠ ನಾನು ಕಾಲೇಜಿನಲ್ಲಿ ಓದಿದ್ದೆ, ಪಾಸೂ ಆಗಿದ್ದೆ. ನಿಮ್ಮ ಹಾಗೇ ಮರೆತುಬಿಟ್ಟಿದ್ದೆ.

ನೇರಮಾತು
77,000 ಅಂತ ಅಂದುಕೊಂಡಿರಲಿಲ್ಲ. ಇದು ಬರೆದಿಟ್ಟುಕೊಳ್ಳುತ್ತೇನೆ. ಉಳಿದದ್ದಕ್ಕೆ ನನ್ನ ಮಾತು ಹಾಗೇ ಇದೆ.

ಅರೆಬೆಂದ_ಕೋಡರ್
ಎಣಿಕೆ ಅಂದಿರಿ, ಅಲ್ಲೂ ನನಗೆ ಗೋಳು. ನಿನ್ನೆಯ ಲೆಕ್ಕ: ನಾಲ್ಕು ಅಂಕಿಯ ಪಿನ್‌ಗಳಲ್ಲಿ ಕನಿಷ್ಠ ಒಂದು ಅಂಕಿ ಮರುಕಳಿಸುವವು ಎಷ್ಟು? ನಾನು ಹೀಗೆ ಮಾಡಿದೆ. ಒಂದೇ ಅಂಕಿ ಕೂರುವ ಎರಡು ಜಾಗ ಆರಿಸಲು 6 ದಾರಿ, ಆ ಅಂಕಿಗೆ 10, ಉಳಿದ ಎರಡು ಜಾಗಕ್ಕೆ 10 × 10. ಒಟ್ಟು 6000. ಉತ್ತರ 4960 ಅಂತೆ.

ಬಗ್_ಬೇಟೆ
1111 ಅನ್ನು ನಿನ್ನ ದಾರಿಯಲ್ಲಿ ಎಣಿಸಿ ನೋಡು. ಯಾವ ಎರಡು ಜಾಗ ಆರಿಸಿದರೂ ಅದೇ ಬರುತ್ತದೆ, ಆರು ಸಲ ಲೆಕ್ಕಕ್ಕೆ ಬಂತು. 1122 ಎರಡು ಸಲ. 1112 ಮೂರು ಸಲ. 'ಕನಿಷ್ಠ' ಅನ್ನುವ ಪದ ಕಂಡರೆ ಉಲ್ಟಾ ಎಣಿಸು. ಒಟ್ಟು 10,000. ಒಂದೂ ಮರುಕಳಿಸದವು 10 × 9 × 8 × 7 = 5040. ಕಳೆದರೆ 4960.

ಇನ್ನೊಂದು. ನಿನಗೆ ಕೋಡ್ ಬರುತ್ತದೆ ಅಂದೆಯಲ್ಲ, ಅದನ್ನೇ ಬಳಸು. ಇರುವುದು ಹತ್ತು ಸಾವಿರ ಪಿನ್. ನಾಲ್ಕು ಸಾಲಿನ ಲೂಪ್ ಬರೆದು ಎಣಿಸು. ಪೆನ್ನಿನ ಉತ್ತರಕ್ಕೂ ಲೂಪಿನ ಉತ್ತರಕ್ಕೂ ತಾಳೆ ಬರದಿದ್ದರೆ ಎಲ್ಲಿ ಎರಡು ಸಲ ಎಣಿಸಿದೆ ಅಂತ ಹುಡುಕು. ನಾನು ಈ ವಿಷಯ ಕಲಿತಿದ್ದೇ ಹೀಗೆ.

ನೇರಮಾತು
ಲೂಪ್ ಎಣಿಸಿ ಕೊಡುತ್ತದೆ ಅಂದಮೇಲೆ ಸೂತ್ರ ಯಾಕೆ ಬೇಕು? ನೀವೇ ನನ್ನ ಪರ ವಾದ ಮಾಡುತ್ತಿದ್ದೀರಿ 😀

ಬಗ್_ಬೇಟೆ
ನಾಲ್ಕು ಅಂಕಿಗೆ ಲೂಪ್ ಸಾಕು. ಒಂದು ಆ್ಯಪ್‌ನಲ್ಲಿ 30 ಆನ್-ಆಫ್ ಸೆಟ್ಟಿಂಗ್ ಇದ್ದರೆ ಎಲ್ಲ ಸೇರಿಕೆ 107 ಕೋಟಿ ದಾಟುತ್ತದೆ. ಎಲ್ಲವನ್ನೂ ಟೆಸ್ಟ್ ಮಾಡುವಷ್ಟರಲ್ಲಿ ನೀವು ನಿವೃತ್ತರಾಗಿರುತ್ತೀರಿ.

ನನ್ನ ಹೊಟ್ಟೆಪಾಡು ಟೆಸ್ಟಿಂಗ್, ಅದಕ್ಕೇ ಈ ಉದಾಹರಣೆ ಇಷ್ಟ. 10 ಸೆಟ್ಟಿಂಗ್ ಇದ್ದರೆ ಸೇರಿಕೆ 1024. ಆದರೆ ಯಾವುದೇ ಎರಡು ಸೆಟ್ಟಿಂಗ್ ತಗೊಂಡರೂ ಅವುಗಳ ನಾಲ್ಕೂ ಸೇರಿಕೆ ಒಮ್ಮೆಯಾದರೂ ಬರಬೇಕು ಅಂತಷ್ಟೇ ಇದ್ದರೆ ಎಷ್ಟು ಟೆಸ್ಟ್ ಬೇಕು ಗೊತ್ತಾ? ಬರೀ 6. ಯಾವ ಆರು ಅಂತ ಆರಿಸಿಕೊಡುವುದು ಇದೇ ಎಣಿಕೆಯ ಗಣಿತ.

ಹೊಸಬಿ
1024ರ ಬದಲು 6!! ಇದನ್ನು ನಮ್ಮ ಪಾಠದಲ್ಲಿ ಹೇಳಿದ್ದರೆ ನಿದ್ದೆ ಮಾಡುತ್ತಿರಲಿಲ್ಲ.

ಲಘುಗುರು
ಕನ್ನಡ ಮೇಷ್ಟ್ರು ಇದನ್ನು ನಿಮಗೆಲ್ಲ ಹೇಳಿಕೊಟ್ಟಿದ್ದಾರೆ, ನೀವು ಗಮನಿಸಿಲ್ಲ ಅಷ್ಟೇ. 'ಯಮಾತಾರಾಜಭಾನಸಲಗಂ' ನೆನಪಿದೆಯಾ? ಲಘು, ಗುರು ಎರಡೇ ಗುರುತು. ಮೂರು ಅಕ್ಷರದ ಗಣ ಎಷ್ಟು? 2 × 2 × 2 = 8. ಎಂಟನ್ನೂ ಬೇರೆ ಬೇರೆ ಬರೆದರೆ 24 ಅಕ್ಷರ ಬೇಕು. ಈ ಸೂತ್ರ 10 ಅಕ್ಷರದಲ್ಲಿ ಮುಗಿಸುತ್ತದೆ. ಯಮಾತಾ ಯಗಣ, ಮಾತಾರಾ ಮಗಣ, ತಾರಾಜ ತಗಣ. ಹೀಗೆ ಒಂದೊಂದೇ ಅಕ್ಷರ ಸರಿಯುತ್ತಾ ಹೋದರೆ ಎಂಟೂ ಗಣ ಒಂದೊಂದೇ ಸಲ ಬರುತ್ತವೆ.

ಮಾತ್ರೆ ಲೆಕ್ಕ ಇನ್ನೂ ಚೆಂದ. ಲಘುವಿಗೆ 1 ಮಾತ್ರೆ, ಗುರುವಿಗೆ 2. ಮೂರು ಮಾತ್ರೆಯ ಗಣ 3 ಥರ, ನಾಲ್ಕರದ್ದು 5, ಐದರದ್ದು 8. ಯಾಕೆ? ಕೊನೆಯದು ಲಘುವಾದರೆ ಹಿಂದೆ ಒಂದು ಮಾತ್ರೆ ಕಡಿಮೆ, ಗುರುವಾದರೆ ಎರಡು ಕಡಿಮೆ. ಎರಡನ್ನೂ ಕೂಡು. 1, 2, 3, 5, 8, 13. ಈ ಲೆಕ್ಕವನ್ನು ಜೈನ ವಿದ್ವಾಂಸ ಹೇಮಚಂದ್ರ 12ನೇ ಶತಮಾನದಲ್ಲೇ ಹೇಳಿದ್ದಾನೆ. ಇಟಲಿಯ ಗಣಿತಜ್ಞ ಫಿಬೊನಾಚಿ ಬರೆದದ್ದು 1202ರಲ್ಲಿ.

ಅರೆಬೆಂದ_ಕೋಡರ್
ರಿಕರೆನ್ಸ್ ರಿಲೇಶನ್ (ಹಿಂದಿನ ಬೆಲೆಗಳಿಂದ ಮುಂದಿನದನ್ನು ಹೇಳುವ ಸೂತ್ರ) ಅಂದರೆ ಇಷ್ಟೇನಾ? 'ಕೊನೆಯದು ಏನಾಗಿರಬಹುದು' ಅಂತ ಕೇಳಿಕೊಳ್ಳುವುದು?

ಲಘುಗುರು
ಬಹುಪಾಲು ಇಷ್ಟೇ.

ರಾತ್ರಿಪಾಳಿ
ಅಂದರೆ ಕಂಪ್ಯೂಟರ್ ಕಂಡುಹಿಡಿದಿದ್ದು ಛಂದಸ್ಸಿನವರು ಅನ್ನಿ.

ಶೂನ್ಯದಿಂದ_ಎಣಿಸು
ಆ ಕಡೆ ಹೋಗಬೇಡಿ ಮಾರಾಯ್ರೇ, ಚರ್ಚೆ ನಾಳೆ ಬೆಳಗಿನವರೆಗೂ ಮುಗಿಯುವುದಿಲ್ಲ. ಎಣಿಕೆ ಅವರದ್ದು. ತರ್ಕವನ್ನು ಬೀಜಗಣಿತ ಮಾಡಿದ್ದು ಬೂಲ್, ಅವನ ದೊಡ್ಡ ಕೃತಿ ಬಂದದ್ದು 1854ರಲ್ಲಿ. ಅದನ್ನು ಸ್ವಿಚ್ಚಿಗೆ ಇಳಿಸಬಹುದು ಅಂತ ತೋರಿಸಿದ್ದು ಶಾನನ್, 1937ರ ಸ್ನಾತಕೋತ್ತರ ಪ್ರಬಂಧದಲ್ಲಿ. ಆಗ ಅವನಿಗೆ 21 ವರ್ಷ.

ಅಂದಹಾಗೆ @ಲಘುಗುರು ನಿಮ್ಮ ಯಮಾತಾರಾಜ ಸೂತ್ರಕ್ಕೆ ನಮ್ಮ ಕಡೆ ಡಿ ಬ್ರಾಯ್ನ್ ಸೀಕ್ವೆನ್ಸ್ ಅಂತಾರೆ. ಎರಡಕ್ಷರದ ನಾಲ್ಕು ಜೋಡಿಗಳನ್ನು ನೋಡ್ (ಚುಕ್ಕಿ) ಮಾಡಿ, ಮೂರಕ್ಷರದ ಎಂಟು ಗಣಗಳನ್ನು ಬಾಣ ಮಾಡಿ. ಪ್ರತಿ ಬಾಣವನ್ನೂ ಒಂದೇ ಸಲ ತುಳಿದು ಸುತ್ತಿಬಂದರೆ ಸೂತ್ರ ಸಿಗುತ್ತದೆ. ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಬಹುದಾ ಅಂತ ಆಯ್ಲರ್ 1736ರಲ್ಲಿ ಕೇಳಿದ ಪ್ರಶ್ನೆಯೇ ಇದು.

ಹೊಸಬಿ
ಆಯ್ಲರ್ ದಾರಿ, ಹ್ಯಾಮಿಲ್ಟನ್ ದಾರಿ ನನಗೆ ಯಾವಾಗಲೂ ಅದಲುಬದಲು.

ಶೂನ್ಯದಿಂದ_ಎಣಿಸು
ಆಯ್ಲರ್ ಗೆರೆ ಎಣಿಸುತ್ತಾನೆ, ಹ್ಯಾಮಿಲ್ಟನ್ ಚುಕ್ಕಿ ಎಣಿಸುತ್ತಾನೆ: ಮೊದಲನೆಯದರಲ್ಲಿ ಪ್ರತಿ ಗೆರೆಯನ್ನೂ, ಎರಡನೆಯದರಲ್ಲಿ ಪ್ರತಿ ಚುಕ್ಕಿಯನ್ನೂ ಒಂದೇ ಸಲ ತುಳಿಯಬೇಕು. ಗ್ರಾಫ್ (ಚುಕ್ಕಿ-ಗೆರೆಗಳ ಚಿತ್ರ) ಬಿಡಿಯಾಗಿ ಒಡೆದಿಲ್ಲ ಅಂದುಕೊಂಡರೆ, ಬೆಸ ಗೆರೆ ಸೇರುವ ಚುಕ್ಕಿಗಳು 0 ಅಥವಾ 2 ಇದ್ದರೆ ಆಯ್ಲರ್ ದಾರಿ ಇದೆ, ಇಲ್ಲದಿದ್ದರೆ ಇಲ್ಲ. ಅರ್ಧ ನಿಮಿಷದ ಕೆಲಸ. ಹ್ಯಾಮಿಲ್ಟನ್‌ಗೆ ಅಂಥ ಸುಲಭದ ಪರೀಕ್ಷೆ ಯಾರಿಗೂ ಸಿಕ್ಕಿಲ್ಲ. ನೋಡಲು ಅವಳಿ ಮಕ್ಕಳ ಥರ ಇರುವ ಎರಡು ಪ್ರಶ್ನೆ, ಒಂದು ನೀರು ಕುಡಿದಷ್ಟು ಸುಲಭ, ಇನ್ನೊಂದು ಕಬ್ಬಿಣದ ಕಡಲೆ.

ಅರೆಬೆಂದ_ಕೋಡರ್
ಮೇಡಂ, ಮನೆಕೆಲಸ ಮಾಡಿದೆ. ಎಲ್ಲೂ ನೋಡಿಲ್ಲ, ಆಣೆ.

ಎರಡು ಬೆಸಸಂಖ್ಯೆ ತಗೊಳ್ಳೋಣ. ವ್ಯಾಖ್ಯೆ ಪ್ರಕಾರ ಮೊದಲನೆಯದು 2ಕ + 1, ಎರಡನೆಯದು 2ಕ + 1. ಕೂಡಿದರೆ 4ಕ + 2 = 2(2ಕ + 1). ಇದು 2 × ಪೂರ್ಣಾಂಕ. ಆದ್ದರಿಂದ ಸಮ.

ಪಾಠದ_ಮೇಡಂ
ಮೊದಲ ಸಾಲು, ಕೊನೆಯ ಸಾಲು ಎರಡೂ ತಾನಾಗಿಯೇ ಬಂದಿವೆ ನೋಡಿ. ಒಂದು ಕಡೆ ಮಾತ್ರ ಜಾರಿದ್ದೀರಿ. ನಿಮ್ಮ ಸಾಧನೆಯಲ್ಲಿ 3 ಮತ್ತು 7 ಹಾಕಿ ನೋಡಿ. ಕ ಎಷ್ಟು?

ಅರೆಬೆಂದ_ಕೋಡರ್
3ಕ್ಕೆ ಕ = 1. 7ಕ್ಕೆ ಕ = 3. ಅಯ್ಯೋ. ಎರಡಕ್ಕೂ ಒಂದೇ ಕ ಹಾಕಿದ್ದೇನೆ. ಒಂದೇ ಸಂಖ್ಯೆಯನ್ನು ಅದಕ್ಕೇ ಕೂಡಿದ ಹಾಗಾಯಿತು.

ಹಳೇ_ಕೀಬೋರ್ಡ್
ಎರಡು ಬೆಲೆಗೆ ಒಂದೇ ವೇರಿಯಬಲ್. ಕೋಡಲ್ಲಿ ಹೀಗೆ ಮಾಡುತ್ತಿದ್ದೆಯಾ?

ಅರೆಬೆಂದ_ಕೋಡರ್
ಇಲ್ಲ 🙈 ತಿದ್ದಿದೆ: 2ಕ + 1 ಮತ್ತು 2ಮ + 1. ಕೂಡಿದರೆ 2ಕ + 2ಮ + 2 = 2(ಕ + ಮ + 1). ಕ, ಮ ಪೂರ್ಣಾಂಕ, ಹಾಗಾಗಿ ಕ + ಮ + 1 ಕೂಡ ಪೂರ್ಣಾಂಕ. ಸಮ.

ಪಾಠದ_ಮೇಡಂ
ಪೂರ್ತಿ ಅಂಕ. ಮುಂದಿನದು: ಒಂದು ಪೂರ್ಣಾಂಕದ ವರ್ಗ ಸಮವಾದರೆ ಆ ಸಂಖ್ಯೆಯೂ ಸಮ ಅಂತ ಸಾಧಿಸಿ. ನೇರವಾಗಿ ಹೋದರೆ ಸಿಕ್ಕಿಹಾಕಿಕೊಳ್ಳುತ್ತೀರಿ. ಮೇಲಿನ ಕಾರ್ಡಾಟದಲ್ಲಿ 7 ಯಾಕೆ ತಿರುಗಿಸಿದೆವು ಅಂತ ಒಮ್ಮೆ ಯೋಚಿಸಿ.

ರಾತ್ರಿಪಾಳಿ
ನಮ್ಮ ಅಸೈನ್‌ಮೆಂಟಿನ ಎರಡನೇ ಪ್ರಶ್ನೆಯೂ ಇದೇ. ಕೋಡರಣ್ಣ, ಶುಕ್ರವಾರದೊಳಗೆ ಉತ್ತರ ಹಾಕಿಬಿಡಪ್ಪ.

ಹೊಸಬಿ
ಹಾಕಬೇಡಿ! ನಾನಿನ್ನೂ ಮಾಡುತ್ತಿದ್ದೇನೆ.